ಕೊಟ್ಟವಳು ಕೇಳಬಾರದೆ?

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬುದು ನಾವೆಲ್ಲ ಕೇಳುತ್ತ ಬೆಳೆದ ಮಾತು. ಮಾಡಿದೆನೆಂಬ ಹಮ್ಮು ಬಂದರೆ ಮಾಡಿದ ದಾನವೇ ಕೆಟ್ಟಿತೆಂದು ಶರಣರೂ ಎಚ್ಚರಿಸಿದ್ದಾರೆ, ದಾಸರೂ ಎಚ್ಚರಿಸಿದ್ದಾರೆ. ಶಾಲೆಯಲ್ಲಿ ನಾನೂ ಮಕ್ಕಳಿಗೆ ಇದನ್ನೇ ಹೇಳುತ್ತೇನೆ. ಮಾತಿನಲ್ಲಿ ತಪ್ಪಿಲ್ಲ. ಆದರೆ ಇದು ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸುತ್ತದೆಯೆ ಎಂದು ಕೇಳಿಕೊಂಡರೆ ಮನಸ್ಸು ಸ್ವಲ್ಪ ತಡವರಿಸುತ್ತದೆ.

ನಮ್ಮ ಕಡೆಯ ಯಾವ ಗುಡಿಗಾದರೂ ಹೋಗಿ ನೋಡಿ. ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು, ಗೋಡೆಯ ಗಡಿಯಾರದ ಮೇಲೆ ದಾನಿಯ ಹೆಸರು, ಟ್ಯೂಬ್‌ಲೈಟಿನ ಮೇಲಂತೂ ಬೆಳಕಿಗಿಂತ ಅಕ್ಷರವೇ ಹೆಚ್ಚು. ಅದೇ ಗುಡಿಯ ಜಾತ್ರೆಗೆ ಮನೆಮನೆಯಿಂದ ಜೋಳದ ರೊಟ್ಟಿ ಹೋಗುತ್ತದೆ. ಜೋಳದ ಚೀಲ ಕೊಟ್ಟ ಯಜಮಾನರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ನಸುಕಿನಲ್ಲಿ ಎದ್ದು ಒಲೆಯ ಮುಂದೆ ಕೂತು ನೂರು ರೊಟ್ಟಿ ಬಡಿದವಳ ಹೆಸರನ್ನು ಯಾರೂ ಕೂಗುವುದಿಲ್ಲ. ರೊಟ್ಟಿಯ ಮೇಲೆ ಹೆಸರು ಬರೆಯಲು ಬರುವುದಿಲ್ಲವಲ್ಲ! ಎಡಗೈಗೆ ತಿಳಿಯಬಾರದು ಎಂಬ ನೀತಿಯನ್ನು ಹೀಗೆ ನಾವು ಹೆಂಗಸರು ಯಾರೂ ಹೇಳದೆಯೇ ಪಾಲಿಸಿಕೊಂಡು ಬಂದಿದ್ದೇವೆ. ಅದು ನಮ್ಮ ವಿನಯವೊ ಅಥವಾ ನಮ್ಮ ಮೇಲೆ ಹೊರಿಸಿದ ಮೌನವೊ ಎಂಬುದನ್ನು ಯಾವಾಗಲಾದರೂ ಯೋಚಿಸಿದ್ದೇವೆಯೆ?

ಹೆಸರಿನ ಮಾತು ಒಂದು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹೆಣ್ಣುಮಗಳೊಬ್ಬಳು ತನ್ನ ಸ್ವಂತ ಗಳಿಕೆಯನ್ನೊ ಪಾಲಿಗೆ ಬಂದ ಆಸ್ತಿಯನ್ನೊ ಸಮಾಜಕ್ಕೆ ಕೊಟ್ಟಳು ಎನ್ನಿ. ಕೊಡುವಾಗ, "ಇದು ಇಂಥದ್ದಕ್ಕೆ ಬಳಕೆಯಾಗಲಿ" ಎಂದು ಕೇಳುವ ಹಕ್ಕು ಅವಳಿಗೆ ಇದೆಯೆ? ಅಥವಾ ಕೇಳಿದ ಕೂಡಲೆ ದಾನ ದಾನವಾಗಿ ಉಳಿಯುವುದಿಲ್ಲವೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ನೋಡಿದಾಗ ನನಗೆ ಎದುರಾದವರು ಇಬ್ಬರು ಹೆಂಗಸರು. ಒಬ್ಬಳು ನಮ್ಮ ನಂಜನಗೂಡಿನವಳು, ಇನ್ನೊಬ್ಬಳು ದೂರದ ಸ್ವಿಟ್ಜರ್‌ಲೆಂಡಿನವಳು. ಇಬ್ಬರೂ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಬ್ಬರೂ ತಮ್ಮ ಸಂಪತ್ತನ್ನು ಕಲೆಗೆ ಧಾರೆಯೆರೆದವರು.

ನಂಜನಗೂಡಿನವಳು ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ, ದೇವದಾಸಿ ಮನೆತನದಲ್ಲಿ. ತಂದೆ ವಕೀಲರು, ತಾಯಿ ಮಗಳನ್ನು ಕೈಬಿಟ್ಟು ಹೋದರು. ತಾಯಿ ಪುಟ್ಟಲಕ್ಷ್ಮಮ್ಮ ಎದೆಗುಂದದೆ ಮಗಳಿಗೆ ಸಂಗೀತದ ಜೊತೆ ಸಂಸ್ಕೃತವನ್ನೂ ಕಲಿಸಿದಳು. ದೇವದಾಸಿ ಪದ್ಧತಿಯ ಮಾತು ಬಂದಾಗ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಹೊಟ್ಟೆಯಲ್ಲಿ ಸಂಕಟವಾಗುವುದು ಸಹಜ. ಆ ಪದ್ಧತಿ ಎಷ್ಟು ಎಳೆಯ ಬಾಳುಗಳನ್ನು ನುಂಗಿತೆಂಬುದನ್ನು ನಾವು ಕಣ್ಣಾರೆ ಕಂಡವರು. 1982ರಲ್ಲಿ ನಮ್ಮ ರಾಜ್ಯ ಕಾನೂನು ಮಾಡಿದ್ದೂ ಅದಕ್ಕಾಗಿಯೇ. ಆದರೆ ಪದ್ಧತಿ ಕೆಟ್ಟದ್ದೆಂದ ಮಾತ್ರಕ್ಕೆ ಅದರಲ್ಲಿ ಹುಟ್ಟಿದ ಹೆಣ್ಣು ಕೆಟ್ಟವಳಲ್ಲ. ಆ ಮನೆಗಳಲ್ಲಿ ಓದು, ಹಾಡು, ನೃತ್ಯ ಉಳಿದವು. ಮರ್ಯಾದಸ್ಥ ಮನೆಗಳಲ್ಲಿ ಆಗ ಹೆಣ್ಣಿನ ಕೈಗೆ ಪುಸ್ತಕವೇ ಸಿಗುತ್ತಿರಲಿಲ್ಲ.

ನಾಗರತ್ನಮ್ಮ ಕನ್ನಡ, ತೆಲುಗು, ಸಂಸ್ಕೃತ ಬಲ್ಲ ವಿದುಷಿಯಾದಳು. ಮುಂದೆ ಮದರಾಸಿಗೆ ಹೋಗಿ ನೆಲೆಸಿ, ಕಚೇರಿಗಳಿಂದ ಚೆನ್ನಾಗಿ ಗಳಿಸಿದಳು. ಆಕೆಯ ಎದೆಗಾರಿಕೆ ಎಂಥದೆಂಬುದಕ್ಕೆ ಒಂದು ಪ್ರಸಂಗ ಸಾಕು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಅರಮನೆಯಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯ ಬರೆದಿದ್ದಳು. ನಾಗರತ್ನಮ್ಮ ಅದರ ಪೂರ್ಣ ಪಾಠವನ್ನು ಹುಡುಕಿ, ತಿದ್ದಿ, 1910ರಲ್ಲಿ ಅಚ್ಚು ಹಾಕಿಸಿದಳು. ಹೆಂಗಸು ಶೃಂಗಾರ ಬರೆಯುವುದೆ ಎಂದು ಪಂಡಿತರು ಕೆರಳಿದರು. ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಗಂಡಸರು ಬರೆದ ಶೃಂಗಾರ ಕಾವ್ಯಗಳು ವಿದ್ಯಾಲಯಗಳಲ್ಲಿ ಪಾಠವಾಗುತ್ತಿದ್ದ ಕಾಲ ಅದು! ನಿಷೇಧ ತೆರವಾಗಲು 1947ರವರೆಗೆ ಕಾಯಬೇಕಾಯಿತು.

ಆಕೆಯ ಬಾಳಿನ ದೊಡ್ಡ ಕೆಲಸ ಇದಲ್ಲ. ಸಂತ ಕವಿ ತ್ಯಾಗರಾಜರು 1847ರಲ್ಲಿ ಕಾವೇರಿಯ ದಂಡೆಯ ತಿರುವಯ್ಯಾರಿನಲ್ಲಿ ತೀರಿಕೊಂಡರು. ಅವರ ಕೀರ್ತನೆಗಳನ್ನು ದಕ್ಷಿಣ ದೇಶವೆಲ್ಲ ಹಾಡಿತು, ಆದರೆ ಅವರ ಸಮಾಧಿಯ ಸುತ್ತ ಮುಳ್ಳುಗಂಟಿ ಬೆಳೆಯಿತು. ಆ ಪಾಡನ್ನು ಮೈಸೂರಿನ ಹೆಸರಾಂತ ಗಾಯಕರು, ಗುರುಗಳಾದ ಬಿಡಾರಂ ಕೃಷ್ಣಪ್ಪನವರು ನಾಗರತ್ನಮ್ಮನಿಗೆ ತಿಳಿಸಿದರು. ಆಕೆ ಹೋಗಿ ನೋಡಿದಳು. ಜಾಗವನ್ನು ಕೊಂಡುಕೊಂಡಳು. ತನ್ನ ದುಡ್ಡು ಹಾಕಿ ಗುಡಿ ಕಟ್ಟಿಸಿದಳು, ತ್ಯಾಗರಾಜರ ಮೂರ್ತಿ ಕಡೆಸಿದಳು. 1926ರ ಜನವರಿಯಲ್ಲಿ ಪ್ರತಿಷ್ಠೆಯಾಯಿತು.

ಈಗ ನೋಡಿ ವಿಚಿತ್ರ. ಪ್ರತಿವರ್ಷ ಪುಷ್ಯ ಬಹುಳ ಪಂಚಮಿಗೆ ಅಲ್ಲಿ ಆರಾಧನೆ. ಅದನ್ನು ನಡೆಸುತ್ತಿದ್ದವರು ವಿದ್ವಾಂಸರ ಎರಡು ಪಂಗಡದವರು. ಎರಡು ಪಂಗಡಗಳಿಗೂ ತಮ್ಮತಮ್ಮಲ್ಲಿ ಜಗಳ, ಆದರೆ ಒಂದು ವಿಷಯದಲ್ಲಿ ಇಬ್ಬರದೂ ಒಮ್ಮತ: ಹೆಂಗಸರು ಅಲ್ಲಿ ಹಾಡುವಂತಿಲ್ಲ. ಅಂದರೆ ಗುಡಿ ಕಟ್ಟಿಸಿದವಳೇ ಗುಡಿಯ ಮುಂದೆ ಹಾಡುವಂತಿಲ್ಲ! ಆಕೆಯ ದುಡ್ಡಿಗೆ ಮೈಲಿಗೆ ಇರಲಿಲ್ಲ, ಆಕೆಯ ಕಂಠಕ್ಕೆ ಇತ್ತು.

ನಾಗರತ್ನಮ್ಮ ಏನು ಮಾಡಿದಳು? ಕೊಟ್ಟದ್ದನ್ನು ಹಿಂದಕ್ಕೆ ಕೇಳಲಿಲ್ಲ. ಗುಡಿಗೆ ಬೀಗ ಜಡಿಯಲೂ ಇಲ್ಲ. 1927ರಲ್ಲಿ ಹೆಂಗಸರನ್ನು ಕೂಡಿಸಿಕೊಂಡು, ಅದೇ ಸಮಾಧಿಯ ಹಿಂಬದಿಗೆ ತಾವೇ ಬೇರೆ ಆರಾಧನೆ ಶುರುಮಾಡಿದಳು. ಜನ ಅದನ್ನು ಹೆಂಗಸರ ಪಂಗಡವೆಂದೇ ಕರೆದರು. ಹೀಗೆ ಹತ್ತು-ಹನ್ನೆರಡು ವರ್ಷ ನಡೆಯಿತು. 1940ರ ಹೊತ್ತಿಗೆ ಪಂಗಡಗಳೆಲ್ಲ ಒಂದಾದವು, ಹೆಂಗಸರಿಗೂ ಅಲ್ಲಿ ಹಾಡುವ ಅವಕಾಶ ಬಂತು. ಕೊನೆಗಾಲವನ್ನು ಆಕೆ ತಿರುವಯ್ಯಾರಿನಲ್ಲೇ ಕಳೆದಳು. ಸಾಯುವ ಮುಂಚೆ ಬರೆಸಿದ ಉಯಿಲಿನಲ್ಲಿ, ಹೆಂಗಸರಿಗೂ ದೇವದಾಸಿಯರಿಗೂ ಅಲ್ಲಿನ ಸೇವೆಯಲ್ಲಿ ಅಡ್ಡಿಯಾಗಬಾರದೆಂದು ಷರತ್ತು ಹಾಕಿಯೇ ಆಸ್ತಿಯನ್ನು ಒಪ್ಪಿಸಿದಳು. 1952ರಲ್ಲಿ ತೀರಿಕೊಂಡಳು. ಇವತ್ತು ಆರಾಧನೆಯ ದಿನ ಪಂಚರತ್ನ ಕೃತಿಗಳನ್ನು ಗಂಡಸರ ಸಮಕ್ಕೆ ಕೂತು ಹೆಂಗಸರು ಹಾಡುವುದನ್ನು ಟಿವಿಯಲ್ಲಿ ನಾವು ನೋಡುತ್ತೇವೆ. ಗುರುವಿನ ಗುಡಿಯ ಹತ್ತಿರವೇ ಆಕೆಯ ಸಮಾಧಿಯೂ ಇದೆ.

ಸ್ವಿಟ್ಜರ್‌ಲೆಂಡಿನವಳ ಕತೆಗೆ ಇಂಥ ಒಳ್ಳೆಯ ಕೊನೆ ಇಲ್ಲ. ಆಕೆಯ ಹೆಸರು ಲಿಡಿಯಾ ವೆಲ್ಟಿ-ಎಶರ್. 1858ರಲ್ಲಿ ಜೂರಿಕ್ ನಗರದಲ್ಲಿ ಹುಟ್ಟಿದಳು. ತಂದೆ ಆಲ್‌ಫ್ರೆಡ್ ಎಶರ್ ಆ ದೇಶದಲ್ಲಿ ರೈಲು ತಂದವರಲ್ಲಿ, ಬ್ಯಾಂಕು ಕಟ್ಟಿದವರಲ್ಲಿ ಮೊದಲಿಗ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡದ್ದರಿಂದ ತಂದೆಯ ಮನೆವಾರ್ತೆಯನ್ನೂ ಪತ್ರವ್ಯವಹಾರವನ್ನೂ ಈಕೆಯೇ ನೋಡಿಕೊಂಡಳು. 1882ರಲ್ಲಿ ತಂದೆ ಹೋದ ಮೇಲೆ ದೊಡ್ಡ ಆಸ್ತಿಗೆ ಒಡತಿಯಾದಳು. ಮರುವರ್ಷ ದೊಡ್ಡ ಮಂತ್ರಿಯೊಬ್ಬರ ಮಗನನ್ನು ಮದುವೆಯಾದಳು. ಮುಂದೆ ಕಾರ್ಲ್ ಸ್ಟಾಫರ್ ಎಂಬ ಚಿತ್ರಕಾರನ ಮೇಲೆ ಮನಸ್ಸಾಗಿ 1889ರಲ್ಲಿ ಅವನ ಜೊತೆ ರೋಮಿಗೆ ಹೋದಳು. ಸರಿಯೊ ತಪ್ಪೊ, ಅದು ಬೇರೆ ಮಾತು. ಆದರೆ ಮಾವನ ಮನೆಯವರ ಅಧಿಕಾರದ ಕೈ ರೋಮಿನವರೆಗೂ ಚಾಚಿತು. ಅವನು ಜೈಲಿಗೆ ಹೋದ, ಆಕೆಯನ್ನು ಹುಚ್ಚಾಸ್ಪತ್ರೆಯಲ್ಲಿ ಇಟ್ಟರು. ಆಕೆಗೆ ಹುಚ್ಚಿಲ್ಲವೆಂದು ಕೊನೆಗೆ ವೈದ್ಯರೇ ಬರೆದುಕೊಡಬೇಕಾಯಿತು.

ಹೊರಬಂದವಳು ಗಂಡನಿಂದ ಬಿಡುಗಡೆ ಪಡೆದಳು. ಅವನಿಗೆ ದೊಡ್ಡ ಮೊತ್ತ ಕೊಟ್ಟು, 1890ರಲ್ಲಿ ಉಳಿದ ಆಸ್ತಿಯ ಬಹುಪಾಲನ್ನು ತನ್ನ ದೇಶಕ್ಕೆ ಬರೆದುಕೊಟ್ಟಳು. ಅದರಿಂದ ಕಲಾಕೃತಿಗಳನ್ನು ಕೊಂಡು ಜನರ ಪಾಲಿಗೆ ಉಳಿಸಬೇಕೆಂಬುದು ಉದ್ದೇಶ. ಆ ಪ್ರತಿಷ್ಠಾನಕ್ಕೆ ತನ್ನ ಹೆಸರಿಡಲಿಲ್ಲ, ತಂದೆಯ ಸ್ನೇಹಿತನೂ ಆ ನಾಡಿನ ದೊಡ್ಡ ಸಾಹಿತಿಯೂ ಆದ ಗಾಟ್‌ಫ್ರೀಡ್ ಕೆಲ್ಲರ್ ಹೆಸರನ್ನಿಟ್ಟಳು. ಆಕೆಗೆ ಇನ್ನೊಂದು ಆಸೆಯಿತ್ತು: ಹೆಣ್ಣುಮಕ್ಕಳು ಕಡೇಪಕ್ಷ ಕರಕುಶಲ ಕಲೆಗಳಲ್ಲಾದರೂ ತಮ್ಮ ಕಾಲ ಮೇಲೆ ತಾವು ನಿಲ್ಲುವಂತಾಗಲು ಈ ಹಣ ನೆರವಾಗಲಿ ಎಂದು. ಆ ಮಾತು ಪ್ರತಿಷ್ಠಾನದ ನಿಯಮಗಳಲ್ಲಿ ಸೇರಲೇ ಇಲ್ಲ. ಅದನ್ನು ಕೈಬಿಡಿಸಿದವರು ಅದೇ ಮಂತ್ರಿ ಮಾವನವರು. 1891ರ ಡಿಸೆಂಬರಿನಲ್ಲಿ, ಮೂವತ್ಮೂರನೆಯ ವಯಸ್ಸಿಗೆ, ಆಕೆ ತಾನಾಗಿ ಜೀವ ಕಳೆದುಕೊಂಡಳು. ಪ್ರತಿಷ್ಠಾನ ಇಂದಿಗೂ ಇದೆ. ಅದು ಕೊಂಡ ಚಿತ್ರಗಳು ಆ ದೇಶದ ಎಷ್ಟೋ ಸಂಗ್ರಹಾಲಯಗಳ ಗೋಡೆಯ ಮೇಲಿವೆ. ಆಕೆ ಹೆಣ್ಣುಮಕ್ಕಳಿಗಾಗಿ ಕೇಳಿದ ಆ ಒಂದೇ ಒಂದು ಮಾತು ಮಾತ್ರ ಕಾಗದದಿಂದ ಕಳಚಿಬಿತ್ತು.

ಇದೆಲ್ಲ ದೊಡ್ಡವರ ಕತೆ, ನಮಗೇನು ಎನ್ನಬೇಡಿ. ನಾನು ಹಿಂದೆ ಕೆಲಸ ಮಾಡಿದ ಒಂದು ಊರಿನ ಮಾತು ಹೇಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರು ದೇಶಕ್ಕೆಲ್ಲ ಗೊತ್ತು. ಅದರ ತೊಟ್ಟು ಬಿಡಿಸುವ ಹೆಂಗಸರ ಕೈ ಹೇಗೆ ಉರಿಯುತ್ತದೆಂಬುದು ನಮ್ಮ ಸುತ್ತಲ ಊರಿನವರಿಗೆ ಮಾತ್ರ ಗೊತ್ತು. ಹಾಗೆ ತೊಟ್ಟು ಬಿಡಿಸಿ ಕೂಡಿಟ್ಟ ಹಣದಲ್ಲಿ ಹದಿನೈದು ಸಾವಿರ ರೂಪಾಯಿಯನ್ನು ಒಬ್ಬ ವಿಧವೆ ಶಾಲೆಗೆ ತಂದುಕೊಟ್ಟಳು. ಕೇಳಿದ್ದು ಒಂದೇ: ಹುಡುಗಿಯರಿಗೆ ಚಿಲಕ ಇರುವ ಒಂದು ಪಾಯಖಾನೆ. ಅದಿಲ್ಲದ್ದಕ್ಕೇ ಅವಳ ಮಗಳು ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದಳು. ಊರ ಹಿರಿಯರು ಹಣ ಇಸಿದುಕೊಂಡು, ಪಾಯಖಾನೆಗೆ ಹೆಸರು ಹಾಕಿದರೆ ಚೆನ್ನಾಗಿ ಕಾಣುವುದಿಲ್ಲವೆಂದು, ಧ್ವಜದ ಕಟ್ಟೆ ಕಟ್ಟಿಸಿದರು. ಕಲ್ಲಿನ ಮೇಲೆ ಅವಳ ಗಂಡನ ಸ್ಮರಣಾರ್ಥವೆಂದು ಬರೆಸಿ, ಕೆಳಗೆ ಮಗನ ಹೆಸರು ಹಾಕಿಸಿದರು. ಅವಳ ಹೆಸರು ಎಲ್ಲಿಯೂ ಇಲ್ಲ. ನಾನು ಅದರ ಬಗ್ಗೆ ಕೇಳಿದಾಗ ಅವಳು ಅಂದದ್ದು ಇಷ್ಟು: "ಹೆಸರು ಹಾಕಲಿಲ್ಲಂತ ನನಗ ಬ್ಯಾಸರ ಇಲ್ರಿ ಅಕ್ಕೋರ. ನಾ ಯಾತಕ್ಕ ಕೊಟ್ಟೆ ಅನ್ನೋದನ್ನ ಒಬ್ಬರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲಲ್ಲ, ಅದು ಸಂಕಟ."

ಜೂರಿಕ್ಕಿನ ಸಿರಿವಂತೆಗೂ ಮೆಣಸಿನಕಾಯಿ ತೊಟ್ಟು ಬಿಡಿಸುವವಳಿಗೂ ಅಜಗಜಾಂತರ. ಆದರೆ ಆದದ್ದು ಒಂದೇ. ಹಣ ಬೇಕಾಯಿತು, ಮಾತು ಬೇಡವಾಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ನನ್ನ ಮುಂದೆ ಎತ್ತಿದವರು ಬಹಳ ಓದಿದ, ಸಜ್ಜನರಾದ ಹಿರಿಯರೊಬ್ಬರು. "ಷರತ್ತು ಹಾಕಿ ಕೊಟ್ಟರೆ ಅದು ದಾನ ಹೇಗಾಗುತ್ತದೆ ತಂಗಿ? ಅದು ವ್ಯಾಪಾರ. ಕೊಟ್ಟ ಮೇಲೆ ಅದು ನಿನ್ನದಲ್ಲ, ಮರೆತುಬಿಡಬೇಕು" ಎಂದರು. ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕೊಟ್ಟವರೆಲ್ಲ ಕೊನೆಯತನಕ ಹಗ್ಗ ಹಿಡಿದುಕೊಂಡೇ ನಿಂತರೆ ಇಸಿದುಕೊಂಡವರ ಬದುಕು ಕಷ್ಟ. ನೂರು ರೂಪಾಯಿ ದೇಣಿಗೆ ಕೊಟ್ಟು ಶಾಲೆಗೆ ಬಂದು ಮಾಸ್ತರರಿಗೆ ಬುದ್ಧಿ ಹೇಳುವವರನ್ನು ನಾನೂ ಕಂಡಿದ್ದೇನೆ.

ಆದರೂ ಆ ಹಿರಿಯರ ಮಾತಿನಲ್ಲಿ ಒಂದು ಭೇದ ಬಿಟ್ಟುಹೋಗಿದೆ ಎಂದು ನನಗೆ ಅನಿಸುತ್ತದೆ. ಕೊಟ್ಟವರು ತಮಗಾಗಿ ಕೇಳುವುದು ಬೇರೆ, ತಮ್ಮ ಹಿಂದೆ ಬರುವವರಿಗಾಗಿ ಕೇಳುವುದು ಬೇರೆ. ಮೊದಲ ಪೂಜೆ ನನಗೆ ಆಗಲಿ, ವೇದಿಕೆಯ ಮೇಲೆ ನನಗೆ ಕುರ್ಚಿ ಹಾಕಲಿ ಎಂದರೆ ಅದು ವ್ಯಾಪಾರವೇ ಸರಿ. ನಾಗರತ್ನಮ್ಮ ತನ್ನೊಬ್ಬಳಿಗಾಗಿ ಕೇಳಿದ್ದರೆ, ಇಷ್ಟೆಲ್ಲ ಖರ್ಚು ಮಾಡಿದ್ದಾಳೆ, ಒಂದು ಹಾಡು ಹಾಡಿಕೊಳ್ಳಲಿ ಎಂದು ಆ ವಿದ್ವಾಂಸರು ಒಪ್ಪಿಬಿಡುತ್ತಿದ್ದರೊ ಏನೊ. ಆಕೆ ಕೇಳಿದ್ದು ಹಾಗಲ್ಲ. ಯಾವ ಹೆಂಗಸು ಬಂದರೂ ಹಾಡುವಂತಾಗಲಿ ಎಂದು ಕೇಳಿದಳು. ಲಿಡಿಯಾ ಕೇಳಿದ್ದು ತಾನು ಎಂದೂ ಮುಖ ನೋಡದ ಹುಡುಗಿಯರಿಗಾಗಿ. ನಮ್ಮ ಊರ ಕಡೆಯ ಆ ತಾಯಿಯ ಮಗಳಂತೂ ಆಗಲೇ ಶಾಲೆ ಬಿಟ್ಟಾಗಿತ್ತು. ಅವಳು ಕೇಳಿದ್ದು ಬೇರೆಯವರ ಮಕ್ಕಳಿಗಾಗಿ. ಇಂಥ ಕೇಳಿಕೆ ದಾನಕ್ಕೆ ಅಂಟಿಸಿದ ಷರತ್ತಲ್ಲ. ಅದೇ ದಾನ. ಹಣ ಅದರ ಗಾಡಿ ಅಷ್ಟೆ. ಗಾಡಿಯನ್ನು ಇಟ್ಟುಕೊಂಡು ಒಳಗೆ ಕೂತವರನ್ನು ಇಳಿಸಿ ಕಳಿಸಿದರೆ ದಾನವನ್ನು ಸ್ವೀಕರಿಸಿದಂತೆ ಆಗುತ್ತದೆಯೆ?

ಇನ್ನು ಹೆಸರಿನ ಮಾತು. ಹೆಸರಿನ ಆಸೆ ಒಳ್ಳೆಯದಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಹೆಸರು ಕೆಲವು ಸಲ ಹಮ್ಮು, ಕೆಲವು ಸಲ ಸಾಕ್ಷಿ. ಹಾವೇರಿಯಿಂದ ಗದಗದ ಆಚೆ ಲಕ್ಕುಂಡಿಗೆ ಹೋದರೆ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಈಗಲೂ ನಿಂತಿದೆ. ಅಲ್ಲಿನ ಶಾಸನ 1007ರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಆಕೆ, ರನ್ನನಿಗೆ ಆಸರೆಯಾಗಿ ಅಜಿತಪುರಾಣ ಬರೆಸಿದವಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ತಾಳೆಗರಿ, ಎಷ್ಟು ಜನ ಬರೆಯುವವರು! ಸಾವಿರ ವರ್ಷದ ಮೇಲೂ ನಮ್ಮ ಸರಕಾರ ಆಕೆಯ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತಿದೆಯೆಂದರೆ, ರನ್ನ ಬರೆದಿಟ್ಟ, ಕಲ್ಲಿನಲ್ಲಿ ಕೊರೆದಿಟ್ಟರು ಎಂಬುದಕ್ಕೆ. ಬರೆಯದೆ ಇದ್ದಿದ್ದರೆ? ಅತ್ತಿಮಬ್ಬೆಯ ಪುಣ್ಯಕ್ಕೆ ಏನೂ ಕಡಿಮೆಯಾಗುತ್ತಿರಲಿಲ್ಲ. ಕಡಿಮೆಯಾಗುತ್ತಿದ್ದದ್ದು ನಮಗೆ. ಕನ್ನಡದ ಕಾವ್ಯವನ್ನು ಒಂದು ಹೆಣ್ಣು ಪೊರೆದಳು ಎಂದು ನನ್ನ ತರಗತಿಯ ಹುಡುಗಿಯರಿಗೆ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ನಮ್ಮ ಮೋಟೆಬೆನ್ನೂರಿನ ಹೆಸರನ್ನು ನಾಡಿಗೆ ತಿಳಿಸಿದವರು ಮೈಲಾರ ಮಹಾದೇವಪ್ಪನವರು. ದಂಡಿಯಾತ್ರೆಯಲ್ಲಿ ಗಾಂಧೀಜಿಯ ಸಂಗಡ ನಡೆದವರು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಪ್ರಾಣಕ್ಕಿಂತ ದೊಡ್ಡ ದಾನ ಯಾವುದಿದೆ? ಅವರ ಹೆಸರನ್ನು ಊರ ಮಕ್ಕಳೆಲ್ಲ ಬಲ್ಲರು, ಬಲ್ಲವರಾಗಬೇಕು. ಅವರ ಹೆಂಡತಿ ಸಿದ್ಧಮ್ಮನವರೂ ಹೋರಾಟಕ್ಕೆ ಇಳಿದು ಜೈಲು ಕಂಡವರು. ತರಗತಿಯಲ್ಲಿ ಮಹಾದೇವಪ್ಪನವರ ಬಗ್ಗೆ ಕೇಳಿದರೆ ಹತ್ತು ಕೈ ಮೇಲೇಳುತ್ತವೆ. ಸಿದ್ಧಮ್ಮನವರ ಬಗ್ಗೆ ಕೇಳಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮಕ್ಕಳದೇನು ತಪ್ಪು? ಯಾರಾದರೂ ಹೇಳಿದ್ದರೆ ತಾನೆ.

ಹಾಗಾದರೆ ನಾವೇನು ಮಾಡಬೇಕು? ನಾಗರತ್ನಮ್ಮನಷ್ಟು ಗಳಿಕೆ ನಮಗಿಲ್ಲ, ಲಿಡಿಯಾಳಷ್ಟು ಆಸ್ತಿ ಕನಸಿನಲ್ಲೂ ಇಲ್ಲ. ಆದರೆ ಕೊಡುವುದನ್ನು ನಾವು ಬಿಟ್ಟಿಲ್ಲ. ಸ್ತ್ರೀಶಕ್ತಿ ಸಂಘದಿಂದ ಶಾಲೆಗೆ ಕೊಡುತ್ತೇವೆ, ಮಠಕ್ಕೆ ಕೊಡುತ್ತೇವೆ, ತವರಿನ ಆಸ್ತಿಯ ಹಕ್ಕನ್ನು ಅಣ್ಣತಮ್ಮಂದಿರಿಗೆ ಸಹಿ ಮಾಡಿ ಕೊಟ್ಟುಬರುತ್ತೇವೆ. ಆ ಕೊನೆಯದು ನಮ್ಮ ಹೆಂಗಸರು ಮಾಡುವ ಎಲ್ಲಕ್ಕಿಂತ ದೊಡ್ಡ ದಾನ. ಅದನ್ನು ದಾನವೆಂದು ಕರೆಯುವವರೂ ಇಲ್ಲ! ಕೊಡುವುದು ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ಕೊಡುವ ಮನಸ್ಸಿದ್ದರೆ ಸಂತೋಷದಿಂದ ಕೊಡೋಣ. ಆದರೆ ಮೂಕರಾಗಿ ಕೊಡುವುದು ಬೇಡ.

ನಾಗರತ್ನಮ್ಮನ ಮಾತು ಉಳಿಯಿತು, ಲಿಡಿಯಾಳ ಮಾತು ಅಳಿಯಿತು. ಒಬ್ಬಳು ಹೆಚ್ಚು ಪುಣ್ಯವಂತೆ, ಇನ್ನೊಬ್ಬಳು ಕಡಿಮೆ ಎಂದಲ್ಲ. ಒಬ್ಬಳಿಗೆ ಕೊಟ್ಟ ಮೇಲೂ ಇಪ್ಪತ್ತಾರು ವರ್ಷ ಬದುಕಿ ಆ ಮಾತಿನ ಹಿಂದೆ ನಿಲ್ಲಲು ಸಾಧ್ಯವಾಯಿತು, ಜೊತೆಗೆ ನಾಲ್ಕು ಮಂದಿ ಹೆಂಗಸರು ಬಂದು ಕೂತರು. ಇನ್ನೊಬ್ಬಳು ಒಂಟಿಯಾಗಿದ್ದಳು. ಅದಕ್ಕೇ ನಮ್ಮಲ್ಲಿ ಯಾರಾದರೂ ಏನಾದರೂ ಕೊಡುವಾಗ, ಸಂಘದ ಠರಾವು ಪುಸ್ತಕದಲ್ಲಾಗಲಿ, ಶಾಲೆಯ ರಸೀದಿಯ ಮೇಲಾಗಲಿ, ಎರಡು ಸಾಲು ಬರೆಸೋಣ: ಯಾರು ಕೊಟ್ಟಳು, ಯಾತಕ್ಕೆ ಕೊಟ್ಟಳು. ಬರೆಸಿದ ಮೇಲೆ ಆ ಎರಡು ಸಾಲಿಗೆ ಉಳಿದವರು ಕಾವಲು ಇರೋಣ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿದ್ದರೂ ಚಿಂತೆಯಿಲ್ಲ, ಪಕ್ಕದಲ್ಲಿ ಕೂತ ಅಕ್ಕನಿಗೆ ತಿಳಿದಿರಲಿ.